ಹೆಚ್ಚುವರಿ ಪ್ರತಿ

ಬೆನಿನ್ ಅರಮನೆಯ ಹಿತ್ತಾಳೆ ಎರಕದ ಫಲಕಗಳ ಬಗ್ಗೆ ಓದುತ್ತಿದ್ದಾಗ ಸಿಕ್ಕ ‘ಹೆಚ್ಚುವರಿ ಪ್ರತಿ’ ಎಂಬ ಮಾತು ವಾರವಿಡೀ ಕಾಡಿತು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಈಗಿನ ನೈಜೀರಿಯಾದ ಬೆನಿನ್ ನಗರವನ್ನು ಹಿಡಿದು, ಅರಮನೆಯನ್ನು ಸೂರೆಮಾಡಿ, ದೊರೆ ಒವೊನ್‌ರಮ್ವೆನ್‌ನನ್ನು ಕಲಬಾರಿಗೆ ಗಡೀಪಾರು ಮಾಡಿತು. ಆ ಸೂರೆಯ ಸಾವಿರಾರು ಕೃತಿಗಳು ಯುರೋಪಿನಲ್ಲಿ ಹಂಚಿಹೋದವು. ಬೆನಿನ್ನಿನ 900ಕ್ಕೂ ಹೆಚ್ಚು ವಸ್ತುಗಳು ಈಗ ಬ್ರಿಟಿಷ್ ಮ್ಯೂಸಿಯಂ ಒಂದರಲ್ಲೇ ಇವೆ. ಹಿಂದಿರುಗಿಸಿ ಎಂದಾಗಲೆಲ್ಲ, ಸಂಗ್ರಹವನ್ನು ಬಿಟ್ಟುಕೊಡದಂತೆ ತಡೆಯುವ 1963ರ ಕಾಯ್ದೆ ಅಡ್ಡ ಬರುತ್ತದೆ. ಆದರೆ ಅದೇ ಮ್ಯೂಸಿಯಂ 1950ರಿಂದ 1972ರೊಳಗೆ 30ಕ್ಕೂ ಹೆಚ್ಚು ಫಲಕಗಳನ್ನು ಮಾರಿತ್ತು. ಕೊಂಡವರಲ್ಲಿ ನೈಜೀರಿಯಾವೂ ಇತ್ತು. ಸುಲಿಗೆಯಾದ ತನ್ನ ಸೊತ್ತಿಗೆ ತಾನೇ ಬೆಲೆ ತೆತ್ತಿತು. ಮಾರಾಟಕ್ಕೆ ಕೊಟ್ಟ ಸಮರ್ಥನೆ, ಅವು ಹೆಚ್ಚುವರಿ ಪ್ರತಿಗಳೆಂಬುದು. ಅಂಥ ಪ್ರತಿಗಳಿಗೆ ಕಾನೂನಿನ ವಿನಾಯಿತಿ ಇತ್ತು.

ಪ್ರತಿ ಎಂದಮಾತ್ರಕ್ಕೆ ಹೆಚ್ಚುವರಿಯಾಗದು; ನಮ್ಮ ಓಲೆಗರಿಗಳ ಪಾಠಾಂತರಗಳನ್ನೇ ನೋಡಿ. ಒಬ್ಬ ಲಿಪಿಕಾರ ಉಳಿಸಿಕೊಂಡ ಹಳೆಯ ಱಕಾರವನ್ನು ಇನ್ನೊಬ್ಬ ರಕಾರ ಮಾಡುತ್ತಾನೆ. ಒಂದು ಓಲೆಯಲ್ಲಿ ಹುಳು ತಿಂದ ಸಾಲು ಮತ್ತೊಂದರಲ್ಲಿ ಇಡಿಯಾಗಿ ಸಿಗುತ್ತದೆ. ಐದು ಕಟ್ಟು ಸಿಕ್ಕಾಗ ನಾಲ್ಕನ್ನು ಹೆಚ್ಚುವರಿ ಎಂದು ಕಳೆದಿದ್ದರೆ ಹಳಗನ್ನಡದ ಎಷ್ಟು ಪದ್ಯಗಳು ಕುಂಟುತ್ತಿದ್ದವೋ! ಬೆನಿನ್ನಿನ ಎರಕದ್ದೂ ಇದೇ ಕಥೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹ ಹೊಯ್ದು, ಕೊನೆಗೆ ಅಚ್ಚನ್ನೇ ಒಡೆಯಬೇಕು. ಅಚ್ಚೊಂದಕ್ಕೆ ಎರಕ ಒಂದೇ.

ಇಷ್ಟು ದಿನ ನಾನು ಸೊತ್ತು ಯಾರದು ಎಂದಷ್ಟೇ ಕೇಳುತ್ತಿದ್ದೆ. ಇದನ್ನು ಬರೆಯುತ್ತ ಬರೆಯುತ್ತ ಬೇರೊಂದು ಪ್ರಶ್ನೆ ಎದುರಾಗಿದೆ: ಎರಡು ವಸ್ತುಗಳು ಒಂದೇ ಎಂದು ತೀರ್ಮಾನಿಸಿದ ಕಣ್ಣು ಏನನ್ನು ಓದಿತು? ಫಲಕಗಳು ಒಂದು ಕಾಲಕ್ಕೆ ಅರಮನೆಯ ಕಂಬಗಳ ಮೇಲಿದ್ದವು. ಸೂರೆಯಾಗುವ ಎಷ್ಟೋ ಮೊದಲೇ ಅವನ್ನು ಕೆಳಗಿಳಿಸಿ ಒಳಗಿಟ್ಟಿದ್ದರು. ಕಂಬದ ಮೇಲಿನ ಕ್ರಮ ಹೀಗಾಗಿ ಅಳಿಸಿಹೋಗಿದೆ. ಒಂದನ್ನೊಂದು ಹೋಲುವ ಫಲಕಗಳನ್ನು ಜೋಡಿಯಾಗಿಯೇ ಎರಕ ಹೊಯ್ದಿರಬೇಕು ಎಂಬುದು ವಿದ್ವಾಂಸರ ಊಹೆ. ಹಾಗಿದ್ದರೆ ಕಳೆದ ಕ್ರಮಕ್ಕೆ ಉಳಿದಿದ್ದ ಸುಳಿವು ಆ ಜೋಡಿಗಳೇ. ಮಾರಾಟ ಮುರಿದದ್ದೂ ಅವನ್ನೇ.

2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಒಳ್ಳೆಯದಾಯಿತು. ಆದರೆ ಒಡೆತನದ ಪ್ರಶ್ನೆ ತೀರಿದರೂ ಓದಿನ ಪ್ರಶ್ನೆ ಉಳಿಯುತ್ತದೆ. ಲಂಡನ್ನಿನಲ್ಲಿ ಉಳಿದ ಫಲಕವನ್ನೂ ಮಾರಿಹೋದ ಅದರ ಜೊತೆಯದನ್ನೂ ಅಕ್ಕಪಕ್ಕ ಇರಿಸಿ ಮೊದಲು ಬೆನಿನ್ನಿನ ಎರಕದವರಿಗೆ ತೋರಿಸಬೇಕು. ಬೆನಿನ್ ನಗರದ ಇಗುನ್ ಬೀದಿಯಲ್ಲಿ ಅವರ ಕುಲುಮೆ ಇನ್ನೂ ಆರಿಲ್ಲ.