ಭಾಗ್ಯದ ಕುರಿ, ಲೂಟಿಯ ಪೆಟ್ಟಿಗೆ

ಮಲಯಾಳದಲ್ಲಿ ಲಾಟರಿಗೆ ‘ಭಾಗ್ಯಕ್ಕುರಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಇದು ಭಾಗ್ಯದ ಕುರಿ ಎಂದೇ ಕೇಳುವುದು. ಕೊಚ್ಚಿಗೆ ಬಂದ ಹೊಸತರಲ್ಲಿ ಟಿಕೆಟ್ ಮಾರುವವರ ಮೈಕಿನಿಂದ ಈ ಪದ ತೇಲಿಬಂದಾಗಲೆಲ್ಲ ನನಗೆ ಕೊರಳಿಗೆ ಹಾರ ಹಾಕಿಸಿಕೊಂಡು ನಿಂತ ಒಂದು ಕುರಿ ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿಯ ‘ಕುರಿ’ ಅಂದರೆ ಚೀಟಿ. ತ್ರಿಶೂರಿನ ಚೀಟಿ ವ್ಯವಹಾರಕ್ಕೂ ಅದೇ ಹೆಸರು. ಜೂಜಿಗೆ ಬೇರೆ ಪದವಿದೆ, ‘ಚೂದಾಟ್ಟಂ’. ಅದು ಮೈಲಿಗೆಯ ಮಾತು, ಪೊಲೀಸ್ ವರದಿಯ ಮಾತು. ಭಾಗ್ಯಕ್ಕುರಿಗಾದರೆ ತಿರುವನಂತಪುರದಲ್ಲಿ ಒಂದು ಸರ್ಕಾರಿ ಇಲಾಖೆಯೇ ಇದೆ. 1967ರಲ್ಲಿ, ಹಣಕಾಸು ಮಂತ್ರಿ ಪಿ.ಕೆ. ಕುಂಞು ಅವರ ಕಾಲದಲ್ಲಿ, ದೇಶದಲ್ಲೇ ಮೊದಲ ಬಾರಿಗೆ ಒಂದು ರಾಜ್ಯ ಸರ್ಕಾರ ಲಾಟರಿ ಶುರು ಮಾಡಿತು. ಟಿಕೆಟ್ಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಮೊದಲ ಡ್ರಾ 1968ರ ಜನವರಿ 26ರಂದು. ಇವತ್ತು ಓಣಂ ಬಂಪರ್‌ಗೆ ಟಿಕೆಟ್ 500 ರೂಪಾಯಿ, ಮೊದಲ ಬಹುಮಾನ 25 ಕೋಟಿ. ಸರ್ಕಾರ ನಡೆಸಿದರೂ ಲಾಟರಿಯ ಗುಣ ಜೂಜಿನದೇ ಎಂದು ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಳ್ಳುವ ಯಾರನ್ನಾದರೂ ಚೂದಾಟ್ಟಂ ಆಡುತ್ತಿದ್ದೀರಾ ಎಂದು ಕೇಳಿ ನೋಡಿ, ಅವಮಾನವಾದವರಂತೆ ಮುಖ ಮಾಡುತ್ತಾರೆ.

ಹೆಸರಿನ ಈ ವಿಚಾರ ತೆಗೆದದ್ದು ಲೂಟ್ ಬಾಕ್ಸ್ ಎಂಬ ವಸ್ತುವಿಗಾಗಿ. ಮನೆಯಲ್ಲಿ ಹೈಸ್ಕೂಲಿನ ಮಕ್ಕಳಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ: ಬಿಜಿಎಂಐಯಂಥ ಮೊಬೈಲ್ ಆಟ ಆಡಲು ದುಡ್ಡು ಬೇಕಿಲ್ಲ. ಆಟದೊಳಗೆ ಒಂದು ಅಂಗಡಿ ಇರುತ್ತದೆ. ರೂಪಾಯಿ ಕೊಟ್ಟು ‘ಯುಸಿ’ ಎಂಬ ಆಟದ ನಾಣ್ಯ ಕೊಳ್ಳಬೇಕು, ಆ ನಾಣ್ಯದಿಂದ ‘ಕ್ರೇಟ್’ ಎಂಬ ಪೆಟ್ಟಿಗೆ ತೆರೆಯಬೇಕು. ಒಳಗೇನಿದೆ ಎಂದು ತೆರೆಯುವ ತನಕ ತಿಳಿಯದು. ಬಹುತೇಕ ಸಲ ಸಿಗುವುದು ಕಸ. ಎಲ್ಲೋ ಒಮ್ಮೆ ಬಂದೂಕಿಗೆ ಹೊದಿಸುವ ಹೊಳೆಯುವ ಸ್ಕಿನ್ನು ಸಿಗುತ್ತದೆ. ಫ್ರೀ ಫೈರ್ ಆಟದಲ್ಲಿ ನಾಣ್ಯಕ್ಕೆ ಡೈಮಂಡ್ ಎಂಬ ಹೆಸರಿತ್ತು, ಚಕ್ರ ತಿರುಗಿಸುವ ಜಾಗಕ್ಕೆ ‘ಲಕ್ ರಾಯಲ್’ ಎಂಬ ಹೆಸರು. ಅದೃಷ್ಟ ಅನ್ನುವ ಮಾತನ್ನು ಅವರೇ ಬೋರ್ಡಿನಲ್ಲಿ ಬರೆದುಕೊಂಡಿದ್ದರು.

ದುಡ್ಡು ಮೊದಲೇ ಹೋಗುತ್ತದೆ, ಏನು ಬರುವುದೆಂದು ತಿಳಿಯದು, ತೀರ್ಮಾನ ಮಾಡುವುದು ಅದೃಷ್ಟ. ಇದನ್ನು ಜೂಜು ಎನ್ನದೆ ಬೇರೇನನ್ನೂ ಅನ್ನಲು ನನಗೆ ಬಾರದು. ಆದರೂ ಕಾನೂನಿಗೆ ಇದು ಇಷ್ಟು ಸಲೀಸಾಗಿ ಕಾಣುವುದಿಲ್ಲ. ಯಾಕೆಂದರೆ ನಮ್ಮ ಕೋರ್ಟುಗಳು ಜೂಜಿನ ವಿಷಯ ಬಂದಾಗಲೆಲ್ಲ ಹೆಚ್ಚಾಗಿ ಒಂದೇ ಪ್ರಶ್ನೆ ಕೇಳಿಕೊಂಡು ಬಂದಿವೆ: ಇದರಲ್ಲಿ ಜಾಣ್ಮೆ ಹೆಚ್ಚೋ ಅದೃಷ್ಟ ಹೆಚ್ಚೋ?

ಆ ಪ್ರಶ್ನೆಗೆ ನಮ್ಮೂರ ನಂಟಿದೆ. ಐವತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರ ಜೀವಾಳವೇ ಆರ್‌ಎಂಡಿಸಿ ಪದಬಂಧ ಸ್ಪರ್ಧೆ. ಕಟ್ಟೆಗೆ ಒಪ್ಪುವ ಪದಗಳು ಎರಡಿದ್ದರೂ ಕಂಪನಿ ಮೊದಲೇ ಗೊತ್ತುಮಾಡಿಟ್ಟದ್ದೇ ‘ಸರಿ’ ಉತ್ತರ. ಅಂದರೆ ಸ್ಪರ್ಧಿ ಪದ ಹುಡುಕುತ್ತಿರಲಿಲ್ಲ, ಯಾರದೋ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುತ್ತಿದ್ದ. ಪತ್ರಿಕೆಗೆ ಮುಂಬಯಿ ಪ್ರಾಂತದಲ್ಲಿ ದೊಡ್ಡ ಪ್ರಸಾರವಿತ್ತು, ಅಲ್ಲಿಯ ಸರ್ಕಾರ ತೆರಿಗೆ ಹಾಕಿತು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ, ಇದು ಜೂಜು, ಜೂಜಿಗೆ ವ್ಯಾಪಾರದ ಹಕ್ಕಿನ ರಕ್ಷಣೆ ಇಲ್ಲ ಎಂದಿತು. ಋಗ್ವೇದ, ಮಹಾಭಾರತ, ಮನು ಎಲ್ಲರೂ ಆ ತೀರ್ಪಿನಲ್ಲಿ ಸಾಕ್ಷಿಗೆ ಬರುತ್ತಾರೆ. ಅದರ ಜೊತೆಗೆ, ಗಣನೀಯ ಜಾಣ್ಮೆ ಬೇಡುವ ಸ್ಪರ್ಧೆ ಜೂಜಲ್ಲ ಎಂಬ ಕಿಂಡಿಯೂ ಆ ವರ್ಷವೇ ತೆರೆದುಕೊಂಡಿತು. ಮುಂದೆ ರಮ್ಮಿ, ಕುದುರೆ ರೇಸು ಎಲ್ಲ ತೂರಿಹೋದದ್ದು ಆ ಕಿಂಡಿಯಲ್ಲೇ.

ಕೊಚ್ಚಿಯಲ್ಲೂ ನಡೆದದ್ದು ಅದೇ. 2021ರ ಜನವರಿಯಲ್ಲಿ ಆನ್‌ಲೈನ್ ರಮ್ಮಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ವಿರಾಟ್ ಕೊಹ್ಲಿ, ತಮನ್ನಾ ಮತ್ತು ಮಲಯಾಳದ ಅಜು ವರ್ಗೀಸ್ ಅವರಿಗೆ ಕೇರಳ ಹೈಕೋರ್ಟು ನೋಟಿಸು ಕಳಿಸಿತು. ಫೆಬ್ರವರಿ 23ರಂದು ತಿರುವನಂತಪುರದ ಸರ್ಕಾರ ಅಧಿಸೂಚನೆ ಹೊರಡಿಸಿತು: ದುಡ್ಡು ಕಟ್ಟಿ ಆಡುವ ಆನ್‌ಲೈನ್ ರಮ್ಮಿಗೆ 1960ರ ಗೇಮಿಂಗ್ ಕಾಯ್ದೆಯ ವಿನಾಯಿತಿ ಇಲ್ಲ. ಸೆಪ್ಟೆಂಬರ್ 27ರಂದು ಅದೇ ಹೈಕೋರ್ಟಿನ ನ್ಯಾಯಮೂರ್ತಿ ಟಿ.ಆರ್. ರವಿ ಆ ಅಧಿಸೂಚನೆಯನ್ನು ರದ್ದು ಮಾಡಿದರು. ರಮ್ಮಿ ಜಾಣ್ಮೆಯ ಆಟ, ದುಡ್ಡು ಕಟ್ಟಿದ ಮಾತ್ರಕ್ಕೆ ಅದರ ಸ್ವಭಾವ ಬದಲಾಗದು. ಮರು ವಾರವೇ ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಜಾರಿಗೆ ತಂದಿತು. ಅದೂ 2022ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಬಹುಮಟ್ಟಿಗೆ ಇದೇ ಕಾರಣಕ್ಕೆ ಬಿದ್ದುಹೋಯಿತು.

ಲೂಟ್ ಬಾಕ್ಸಿಗೆ ಈ ವಾದದ ಆಸರೆ ಇಲ್ಲ. ಪೆಟ್ಟಿಗೆಯ ಮೇಲೆ ಬೆರಳು ಒತ್ತಲು ಯಾವ ಜಾಣ್ಮೆ ಬೇಕು? ಜಾಣ್ಮೆಯ ತಕ್ಕಡಿಯಲ್ಲಿ ತೂಗಿದ್ದರೆ ಅದು ರಮ್ಮಿಗಿಂತ ಮೊದಲೇ ಸಿಕ್ಕಿಬೀಳಬೇಕಿತ್ತು. ಬೀಳಲಿಲ್ಲ, ಏಕೆಂದರೆ ಅದರ ಸಮರ್ಥಕರು ನಿಂತಿರುವುದು ಇನ್ನೊಂದು ಕಾಲಿನ ಮೇಲೆ: ಗೆದ್ದ ವಸ್ತುವಿಗೆ ಹೊರಗೆ ಬೆಲೆ ಇಲ್ಲ, ಅದನ್ನು ದುಡ್ಡಾಗಿಸಲು ಬರುವುದಿಲ್ಲ, ಆದ್ದರಿಂದ ಗೆಲುವೇ ಇಲ್ಲ, ಗೆಲುವಿಲ್ಲದಲ್ಲಿ ಜೂಜೂ ಇಲ್ಲ. ಬ್ರಿಟನ್ನಿನ ಜೂಜು ಆಯೋಗ 2017ರಲ್ಲಿ ಹಿಡಿದದ್ದು ಈ ದಾರಿ. ಮರುವರ್ಷ ಬೆಲ್ಜಿಯಂ ಇದಕ್ಕೆ ವಿರುದ್ಧವಾಗಿ ಹೇಳಿತು. ಬಹುಮಾನ ಮಾರಲು ಬರಲಿ ಬಿಡಲಿ, ಆಡುವವನಿಗೆ ಅದು ಬೆಲೆಯುಳ್ಳದ್ದು, ಅಷ್ಟು ಸಾಕು. ಇಎ ಕಂಪನಿ 2019ರಲ್ಲಿ ಬೆಲ್ಜಿಯಂನಲ್ಲಿ ಫಿಫಾ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು. ಅದೇ ವರ್ಷ ಬ್ರಿಟನ್ನಿನ ಸಂಸತ್ ಸಮಿತಿಯೆದುರು ಅದೇ ಕಂಪನಿಯ ಪ್ರತಿನಿಧಿ, ನಾವು ಇವನ್ನು ಲೂಟ್ ಬಾಕ್ಸ್ ಅನ್ನುವುದಿಲ್ಲ, ‘ಅಚ್ಚರಿಯ ವ್ಯವಸ್ಥೆ’ ಎನ್ನುತ್ತೇವೆ ಎಂಬರ್ಥದ ಮಾತಾಡಿದರು. ಚೂದಾಟ್ಟಂ ಭಾಗ್ಯಕ್ಕುರಿಯಾಗುವುದು ಹೀಗೆಯೇ.

ನಾನು ಹೊಟ್ಟೆಪಾಡಿಗೆ ಮಾಡುವ ಅನುವಾದದಲ್ಲಿ ಆಪ್‌ಗಳ, ಆಟಗಳ ಸಾಲುಗಳೂ ಬರುತ್ತವೆ. ಒಮ್ಮೆ ಬಂದ ಕಡತದ ಜೊತೆ ಪದಪಟ್ಟಿಯೊಂದಿತ್ತು. ಜೂಜು, ಪಣ, ಬಾಜಿ ಕೂಡದು, ‘ಖರ್ಚು’ ಕೂಡದು, ‘ಸೋಲು’ ಅಂತೂ ಕೂಡಲೇ ಕೂಡದು. ಬದಲಿಗೆ ಉಡುಗೊರೆ, ಅಚ್ಚರಿ, ‘ನಿಮ್ಮ ಸಂಗ್ರಹಕ್ಕೆ ಸೇರಿತು’. ಪಟ್ಟಿ ಮಾಡಿದವರಿಗೆ ಕನ್ನಡ ಚೆನ್ನಾಗಿಯೇ ಗೊತ್ತಿತ್ತು ಎಂಬುದು ನನಗೆ ಮುಖ್ಯವಾಗಿ ಕಂಡಿತು. ಯಾವ ಪದ ಓದಿದರೆ ಅಪ್ಪ ಅಮ್ಮ ಫೋನ್ ಕಿತ್ತುಕೊಳ್ಳುತ್ತಾರೆ ಎಂದು ಅವರು ಲೆಕ್ಕ ಹಾಕಿದ್ದರು. ಅಂದಹಾಗೆ ‘ಲೂಟ್’ ಇಂಗ್ಲಿಷಿಗೆ ಹೋದದ್ದೇ ನಮ್ಮ ಕಡೆಯಿಂದ, ಹಿಂದಿಯ ಮೂಲಕ. ಇದನ್ನು ವಾಪಸು ‘ಲೂಟಿಯ ಪೆಟ್ಟಿಗೆ’ ಎಂದು ಅನುವಾದಿಸಿದರೆ ಯಾವ ಕಂಪನಿಯೂ ಒಪ್ಪದು.

ಈಗ ನಮ್ಮ ದೇಶದಲ್ಲಿ ಹೊಸ ಕಾಯ್ದೆಯಿದೆ. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾಣ್ಮೆಯೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನು ಅದು ಒಂದೇ ವಾಕ್ಯದಲ್ಲಿ ಬದಿಗಿಟ್ಟಿತು: ಎರಡರಲ್ಲಿ ಯಾವುದಾದರೂ ಸರಿ, ಗೆಲುವಿನ ನಿರೀಕ್ಷೆಯಲ್ಲಿ ದುಡ್ಡು ಕಟ್ಟಿ ಆಡಿದರೆ ಅದು ಹಣದ ಆಟ, ಅಂಥ ಆಟ ಒದಗಿಸುವಂತಿಲ್ಲ. ಒದಗಿಸಿದವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಕೊಚ್ಚಿಯಲ್ಲಿ ರಮ್ಮಿ ಗೆದ್ದ ಹೆಡ್ ಡಿಜಿಟಲ್ ವರ್ಕ್ಸ್ ಕಂಪನಿಯೇ ಇದರ ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಬೇರೆ ಬೇರೆ ಹೈಕೋರ್ಟುಗಳ ಇಂಥ ಅರ್ಜಿಗಳನ್ನೆಲ್ಲ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತನ್ನ ಬಳಿಗೆ ತರಿಸಿಕೊಂಡಿತು.

ನಾನು ಆ ಕಾಯ್ದೆಯ ವ್ಯಾಖ್ಯೆಗಳನ್ನು ಓದಿದ್ದು ವಕೀಲರ ಕಣ್ಣಿನಿಂದಲ್ಲ, ವಾಕ್ಯ ಬಿಡಿಸುವ ಅಭ್ಯಾಸದಿಂದ. ಆಡುವವನು ಕೊಡುವ ಬದಿಯಲ್ಲಿ ಅದು ಬಹಳ ಎಚ್ಚರದ ಕಾಯ್ದೆ. ಹಣ ಅಷ್ಟೇ ಅಲ್ಲ, ಹಣ ಕೊಟ್ಟು ಕೊಂಡ ನಾಣ್ಯ, ಟೋಕನ್, ವಸ್ತು, ನಿಜದ್ದಾಗಲಿ ವರ್ಚುವಲ್ ಆಗಲಿ, ಹೆಸರು ಏನೇ ಇರಲಿ, ಎಲ್ಲವೂ ಪಣವೇ. ಯುಸಿ, ಡೈಮಂಡ್ ಎಲ್ಲ ಇಲ್ಲಿ ಸಿಕ್ಕಿಬಿದ್ದವು. ಪಡೆಯುವ ಬದಿಗೆ ಬಂದಾಗ ಮಾತ್ರ ಕಾಯ್ದೆಗೆ ಮಂಪರು ಹತ್ತಿದಂತಿದೆ. ಗೆಲುವು ‘ಹಣದ ಮತ್ತು ಇತರ ಲಾಭ’ ತರುವಂಥದ್ದಿರಬೇಕು ಎಂದಷ್ಟೇ ಹೇಳಿ ಬಿಟ್ಟಿದೆ. ಈ ‘ಮತ್ತು’ವಿಗೆ ಅರ್ಥವೇನು? ಎರಡೂ ಕೂಡಿ ಬರಬೇಕೆ, ಒಂದು ಬಂದರೂ ಸಾಕೆ? ಬಸ್ಸಿನಲ್ಲಿ ‘ಮಹಿಳೆಯರಿಗೆ ಮತ್ತು ಹಿರಿಯ ನಾಗರಿಕರಿಗೆ’ ಎಂದು ಬರೆದ ಸೀಟು ಮುದುಕಿಯರಿಗೆ ಮಾತ್ರ ಎಂದು ಯಾವ ಕಂಡಕ್ಟರೂ ಓದುವುದಿಲ್ಲ. ಹಾಗೆ ಓದಿದರೆ ಹಣವಲ್ಲದ ‘ಇತರ ಲಾಭ’ವೊಂದೇ ಸಾಕು, ಚಿನ್ನದ ಬಣ್ಣದ ಬಂದೂಕು ಸಿಕ್ಕರೂ ಅದು ಗೆಲುವೇ, ಪೆಟ್ಟಿಗೆ ಹಣದ ಆಟವೇ. ಬಿಗಿಯಾಗಿ ಓದಿದರೆ ಬಂದೂಕನ್ನು ಮಾರಲು ಬಾರದ ಕಾರಣ ಅದೇ ಪೆಟ್ಟಿಗೆ ನಿರುಪದ್ರವಿ ಮನರಂಜನೆ. ಇಡೀ ವಿವಾದ ಈ ಒಂದು ಪದದ ಮೇಲೆ ಕೂತಿದೆ. ನನ್ನ ಓದು ಬಸ್ ಸೀಟಿನದು.

ಮಾರಲು ಬಾರದು ಎಂಬುದೂ ಎಲ್ಲ ಕಡೆ ನಿಜವಲ್ಲ. ಕೌಂಟರ್ ಸ್ಟ್ರೈಕ್ ಆಟದ ಸ್ಕಿನ್ನುಗಳಿಗೆ ಸ್ಟೀಮ್‌ನಲ್ಲಿ ಬಹಿರಂಗ ಸಂತೆಯೇ ಇದೆ. ಅದಿಲ್ಲದಿದ್ದರೂ ನನ್ನ ಅಭಿಪ್ರಾಯ ಬದಲಾಗದು. ಜೂಜಿನ ಹಾನಿ ಶುರುವಾಗುವುದು ಕೊಡುವ ಕೈಯಲ್ಲಿ. ಕಳೆದದ್ದನ್ನು ಮುಂದಿನ ಸಲ ವಾಪಸು ತರುತ್ತೇನೆ ಎಂಬ ಯೋಚನೆಗೆ, ಬಹುಮಾನಕ್ಕೆ ಪೇಟೆಯಲ್ಲಿ ಎಷ್ಟು ಸಿಗುತ್ತದೆ ಎಂಬ ಲೆಕ್ಕ ಬೇಕಿಲ್ಲ. ಹದಿಮೂರರ ಹುಡುಗನಿಗೆ ತರಗತಿಯಲ್ಲಿ ಯಾರ ಬಳಿಯೂ ಇಲ್ಲದ ಸ್ಕಿನ್ನಿಗಿಂತ ಬೆಲೆಯುಳ್ಳದ್ದು ಏನಿದೆ? ಲೂಟ್ ಬಾಕ್ಸಿಗೆ ಹೆಚ್ಚು ಖರ್ಚು ಮಾಡುವವರಲ್ಲಿ ಜೂಜಿನ ಗೀಳಿನ ಲಕ್ಷಣವೂ ಹೆಚ್ಚು ಎಂದು ಡೇವಿಡ್ ಜೆಂಡಲ್ ಮತ್ತು ಪಾಲ್ ಕೇರ್ನ್ಸ್ 2018ರಲ್ಲಿ 7,422 ಆಟಗಾರರನ್ನು ಕೇಳಿ ಕಂಡುಕೊಂಡರು. ಪೆಟ್ಟಿಗೆ ಗೀಳು ಹಚ್ಚುತ್ತದೋ, ಗೀಳಿದ್ದವರು ಪೆಟ್ಟಿಗೆಯತ್ತ ಬರುತ್ತಾರೋ ಅನ್ನುವುದನ್ನು ಅಂಥ ಸಮೀಕ್ಷೆ ಹೇಳಲಾರದು. ಎರಡರಲ್ಲಿ ಯಾವುದಾದರೂ ಪೆಟ್ಟಿಗೆ ಮಾರುವವರಿಗೆ ಗೌರವ ತರುವಂಥದ್ದಲ್ಲ.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಪ್ರಶ್ನೆ ಇದೆ. ಹಾಗಾದರೆ ನಾವು ಚಿಕ್ಕವರಿದ್ದಾಗ ಪೆಟ್ಟಿಗೆ ಅಂಗಡಿಯಲ್ಲಿ ಆಡುತ್ತಿದ್ದದ್ದು? ರಟ್ಟಿನ ಮೇಲೆ ಸಾಲಾಗಿ ಅಂಟಿಸಿದ ಚೀಟಿ, ನಾಲ್ಕಾಣೆ ಕೊಟ್ಟು ಒಂದನ್ನು ಕೀಳುವುದು, ಬಲೂನೋ ಪೆಪ್ಪರಮಿಂಟೋ ಸಿಗುವುದು. ಅದೂ ಜೂಜೇ, ಸಣ್ಣದು. ಆದರೆ ಆ ರಟ್ಟಿಗೆ ಕೊನೆಯಿತ್ತು. ಎಷ್ಟು ಚೀಟಿ ಉಳಿದಿವೆ, ದೊಡ್ಡ ಬಲೂನು ಇನ್ನೂ ನೇತಾಡುತ್ತಿದೆಯೇ ಎಂದು ಕಣ್ಣಿಗೆ ಕಾಣುತ್ತಿತ್ತು. ಐದನೆಯ ಸಲ ಕೈ ಚಾಚಿದರೆ ಅಂಗಡಿಯವರು, ‘ಸಾಕು ಹೋಗೋ, ನಿಮ್ಮಪ್ಪಂಗೆ ಹೇಳ್ತೀನಿ’ ಅನ್ನುತ್ತಿದ್ದರು.

ಕೇರಳದ ಲಾಟರಿಯ ಬಗ್ಗೆ ನನಗೆ ಮೋಹವಿಲ್ಲ. ದಿನಗೂಲಿಯ ಒಂದು ಪಾಲು ದಿನವೂ ಅದಕ್ಕೆ ಹೋಗುವುದನ್ನು ನೋಡುತ್ತಲೇ ಇದ್ದೇನೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿದ್ದು ಸರಿಯೆಂದೇ ನನ್ನ ಎಣಿಕೆ, ನಮ್ಮವರು ತಲಪಾಡಿ ಗಡಿ ದಾಟಿ ಹೋಗಿ ಟಿಕೆಟ್ ತರುತ್ತಾರೆ ಎಂಬುದು ಬೇರೆ ಮಾತು. ಆದರೂ ಪೆಟ್ಟಿಗೆಯ ಪಕ್ಕದಲ್ಲಿಟ್ಟು ನೋಡಿದರೆ ಆ ಕಾಗದದ ಚೂರು ಎಷ್ಟು ಮರ್ಯಾದಸ್ಥ! ಬೆಲೆ ರೂಪಾಯಿಯಲ್ಲಿದೆ. ಡ್ರಾ ದಿನ, ಬಹುಮಾನದ ವಿವರ ಅಚ್ಚಾಗಿದೆ. ಮಧ್ಯಾಹ್ನ ಮೂರಕ್ಕೆ ತಿರುವನಂತಪುರದ ಬೇಕರಿ ಜಂಕ್ಷನ್ ಹತ್ತಿರದ ಗೋರ್ಕಿ ಭವನದಲ್ಲಿ, ಎಲ್ಲರೆದುರು ಯಂತ್ರ ತಿರುಗುತ್ತದೆ. ಮರುದಿನ ಪತ್ರಿಕೆಯಲ್ಲಿ ಫಲಿತಾಂಶ. ತೆರಿಗೆಯವರೂ ಅದನ್ನು ಜೂಜೆಂದೇ ಎಣಿಸಿ 40 ಶೇಕಡಾ ಜಿಎಸ್‌ಟಿ ಹಾಕಿದ್ದಾರೆ. ಪೆಟ್ಟಿಗೆಯ ಡ್ರಾ ನಡೆಯುವುದು ಯಾರೂ ಕಾಣದ ಸರ್ವರಿನಲ್ಲಿ, ರಾತ್ರಿ ಎರಡಕ್ಕೂ ನಡೆಯುತ್ತದೆ, ನಿಮಿಷಕ್ಕೆ ಹತ್ತು ಸಲವೂ ನಡೆಯುತ್ತದೆ.

ನಾನು ಕೇಳುವುದು ನಿಷೇಧವನ್ನಲ್ಲ. ಬಿಜಿಎಂಐಯ ಹಿಂದಿನ ರೂಪವಾದ ಪಬ್ಜಿಯನ್ನು 2020ರಲ್ಲಿ ನಿಷೇಧಿಸಿದಾಗ, ಕಾರಣ ಬೇರೆಯೇ ಇದ್ದರೂ, ಏನಾಯಿತೆಂದು ಕಂಡಿದ್ದೇವೆ: ಮರುವರ್ಷ ಹೊಸ ಹೆಸರಿನಲ್ಲಿ ಬಂತು, ಪೆಟ್ಟಿಗೆಗಳೂ ಜೊತೆಗೆ ಬಂದವು. ಮೊದಲು ಇದನ್ನು ಜೂಜು ಎಂದು ಒಪ್ಪಬೇಕು, ಆಮೇಲೆ ಲಾಟರಿ ಟಿಕೆಟ್ಟಿನಿಂದ ಕೇಳುವಷ್ಟನ್ನಾದರೂ ಇದರಿಂದ ಕೇಳಬೇಕು, ಮಕ್ಕಳಿಗೆ ಮಾರಕೂಡದು. ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಗೆನ್ಶಿನ್ ಇಂಪ್ಯಾಕ್ಟ್ ಆಟದವರಿಂದ 2 ಕೋಟಿ ಡಾಲರ್ ಕಟ್ಟಿಸಿ, ಹದಿನಾರರೊಳಗಿನವರಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಪೆಟ್ಟಿಗೆ ಮಾರದಂತೆ ಒಪ್ಪಿಸಿತು. ಚೀನಾ 2017ರಿಂದಲೇ ಸಂಭವನೀಯತೆಯನ್ನು ಪ್ರಕಟಿಸಲು ಹೇಳಿದೆ. ಕೌಂಟರ್ ಸ್ಟ್ರೈಕ್ ಪೆಟ್ಟಿಗೆಯಲ್ಲಿ ಅಪರೂಪದ ಚಾಕು ಸಿಗುವ ಸಾಧ್ಯತೆ 0.26 ಶೇಕಡಾ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಸುಮಾರು 385 ಪೆಟ್ಟಿಗೆಗೆ ಒಂದು. ಒಂದು ಪೆಟ್ಟಿಗೆಯ ಕೀಲಿಗೆ 2.49 ಡಾಲರ್.

ಶೇಕಡಾವಾರು ಅಂಕಿಯನ್ನು ಮೂಲೆಯ ಪುಟವೊಂದರಲ್ಲಿ ಬರೆದರೆ ಯಾವ ಮಗುವೂ ಓದದು. ಗುಂಡಿಯ ಮೇಲೇ ಬರೆಯಬೇಕು, ಯುಸಿಯಲ್ಲಿ ಅಲ್ಲ, ರೂಪಾಯಿಯಲ್ಲಿ. ಕನ್ನಡ ಸಾಲು ಉದ್ದವಾಗುತ್ತದೆ, ಗುಂಡಿಯಲ್ಲಿ ಹಿಡಿಸುವುದಿಲ್ಲ ಎಂದು ನನ್ನ ಕಸುಬಿನಲ್ಲಿ ದಿನವೂ ಕೇಳುತ್ತೇನೆ. ಇದಂತೂ ಹಿಡಿಸುತ್ತದೆ: ‘ಚಾಕುವಿಗೆ ಸರಾಸರಿ 80,000 ರೂ. ತೆರೆಯಲೇ?’