ಬೆಲೆ, ಬಾಳಿಕೆ ಮತ್ತು ಬಿದ್ರಿಯ ತಟ್ಟೆ

ನಮ್ಮ ಹೈದರಾಬಾದಿನ ಬೇಗಂ ಬಜಾರಿನ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ಹಿಂದಿ ಗಾದೆಯೊಂದುಂಟು: ದುಬಾರಿ ಕೊಂಡವನು ಒಮ್ಮೆ ಅಳುತ್ತಾನೆ, ಅಗ್ಗ ಕೊಂಡವನು ಮತ್ತೆ ಮತ್ತೆ ಅಳುತ್ತಾನೆ. ಕೊಳ್ಳುವವರಿಗಿಂತ ಮಾರುವವರ ಬಾಯಲ್ಲೇ ಈ ಮಾತು ಹೆಚ್ಚು ಸಲೀಸಾಗಿ ಬರುವುದನ್ನು ಗಮನಿಸಿದಾಗಲೇ ನಮಗೆ ಅದರ ಬಗೆಗೆ ಅನುಮಾನ ಹುಟ್ಟಬೇಕಿತ್ತು. ದುಬಾರಿ ಕೊಂಡು ಮೂರು ಬಾರಿ ಅತ್ತವರನ್ನೂ ಅಗ್ಗ ಕೊಂಡು ಮೂವತ್ತು ವರ್ಷ ನಿಶ್ಚಿಂತೆಯಿಂದ ಬಾಳಿದವರನ್ನೂ ನಾನು ಬಲ್ಲೆ. ಹೆಚ್ಚು ಬೆಲೆ ಎಂಬುದು ತಾನಾಗಿಯೇ ಗುಣದ ಸಾಕ್ಷಿಯಲ್ಲ. ಆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ, ಸರಕಿಗೋ, ಶ್ರಮಕ್ಕೋ, ಜಾಹೀರಾತಿಗೋ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದವನಿಗೆ ಕನಿಷ್ಠ ದರದ ಮಹಿಮೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಟೆಂಡರಿನ ಭಾಷೆಯಲ್ಲಿ ಅದಕ್ಕೆ ‘ಎಲ್-ಒನ್’ ಎಂದು ಹೆಸರು. ನಿಯಮ ಅವಿವೇಕದ್ದೇನಲ್ಲ. ಬೇಕಾದ ಗುಣಮಟ್ಟವನ್ನು ಮೊದಲೇ ಬರೆದಿಡಿ, ಅದನ್ನು ಪೂರೈಸಬಲ್ಲವರ ಪೈಕಿ ಅತ್ಯಂತ ಕಡಿಮೆ ದರ ಹೇಳಿದವನಿಂದ ಕೊಳ್ಳಿ ಎನ್ನುತ್ತದೆ ಅದು. ತೊಡಕಿರುವುದು ‘ಮೊದಲೇ ಬರೆದಿಡಿ’ ಎಂಬ ಮಾತಿನಲ್ಲಿ. ಕುರ್ಚಿಯ ಎತ್ತರ, ಅಗಲ, ಬಣ್ಣವನ್ನು ಬರೆಯಬಹುದು. ಬೆಸುಗೆ ಹಾಕುವವನ ಕೈಯ ಎಚ್ಚರವನ್ನು ಬರೆಯುವುದು ಹೇಗೆ? ನಾನಿದ್ದ ಒಂದು ಕಚೇರಿಗೆ ಎಲ್ಲ ವಿವರಗಳಿಗೂ ಚಾಚೂ ತಪ್ಪದೆ ಹೊಂದಿದ ಕುರ್ಚಿಗಳು ಬಂದವು. ಎರಡು ವರ್ಷ ತುಂಬುವಷ್ಟರಲ್ಲಿ ಅರ್ಧದಷ್ಟು ಕುಂಟತೊಡಗಿದವು. ಕಡತ ಮಾತ್ರ ನಿರ್ದೋಷವಾಗಿತ್ತು. ಕೇಂದ್ರ ಹಣಕಾಸು ಸಚಿವಾಲಯವೂ ಈ ತೊಡಕನ್ನು ಒಪ್ಪಿಕೊಂಡಿದೆ ಎನ್ನಬೇಕು. 2021ರ ಅಕ್ಟೋಬರಿನಲ್ಲಿ ಅದು ಹೊರಡಿಸಿದ ಸೂಚನೆಗಳು, ಆಯ್ದ ಕಾಮಗಾರಿ ಮತ್ತು ಸೇವೆಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಅಂಕ ಕೊಡಲು ಅವಕಾಶವಿತ್ತವು. ಆದರೆ ನೂರಕ್ಕೆ ಮೂವತ್ತನ್ನು ಮೀರದಂತೆ.

ಮನೆಯ ಲೆಕ್ಕ ಇಷ್ಟು ಕಠಿಣವಲ್ಲ. ಅಲ್ಲಿ ನಾವೇ ಟೆಂಡರ್ ಸಮಿತಿ, ನಾವೇ ಲೆಕ್ಕ ತಪಾಸಿಗರು. ಹೈದರಾಬಾದಿನ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಏಳುವ ಪ್ರಶ್ನೆಯನ್ನೇ ನೋಡೋಣ: ಹವಾನಿಯಂತ್ರಣ ಯಂತ್ರ ಮೂರು ನಕ್ಷತ್ರದ್ದೋ, ಐದು ನಕ್ಷತ್ರದ್ದೋ? ಎರಡರ ಬೆಲೆಯ ನಡುವಿನ ಅಂತರ 9600 ರೂಪಾಯಿ, ಪಟ್ಟಿಯ ಮೇಲೆ ಮುದ್ರಿಸಿದ ವಾರ್ಷಿಕ ವಿದ್ಯುತ್ ಬಳಕೆಯ ಅಂತರ 240 ಯೂನಿಟ್ ಎಂದು ಇಟ್ಟುಕೊಳ್ಳಿ. ಯೂನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 1920 ರೂಪಾಯಿ ಉಳಿತಾಯ; ಐದು ವರ್ಷದಲ್ಲಿ ಹಣ ಮರಳಿತು. ಆದರೆ ಆ ಪಟ್ಟಿಯ ಅಂಕಿ ವರ್ಷಕ್ಕೆ 1600 ಗಂಟೆ ಯಂತ್ರ ಓಡುತ್ತದೆಂಬ ಎಣಿಕೆಯ ಮೇಲೆ ನಿಂತದ್ದು. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಷ್ಟೇ, ಸುಮಾರು 500 ಗಂಟೆ ಓಡಿಸುವ ದಂಪತಿಗಳಿಗೆ ಉಳಿಯುವುದು ವರ್ಷಕ್ಕೆ 600 ರೂಪಾಯಿ. ಹಣ ಮರಳಲು ಹದಿನಾರು ವರ್ಷ ಬೇಕು. ಅಷ್ಟು ಕಾಲ ಆ ಯಂತ್ರ ಬದುಕಿರುವುದೇ ಸಂಶಯ. ಒಂದೇ ವಸ್ತು, ಒಂದೇ ಬೆಲೆ. ಹಗಲಿರುಳು ಓಡಿಸುವ ನೆರೆಮನೆಯವರಿಗೆ ಜಾಣತನ, ಇವರಿಗೆ ದುಂದು.

ಇಂಥ ಸರಕುಗಳಲ್ಲಿ ಅಂಕಿಯಾದರೂ ಉಂಟು. ಚಿನ್ನಕ್ಕೆ ಹಾಲ್‌ಮಾರ್ಕ್ ಉಂಟು. 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಗಿದೆ. ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಉಂಟು. ಕೈಕೆಲಸದ ವಸ್ತುವಿಗೆ ಬಂದಾಗ ಮಾತ್ರ ವಿದ್ಯಾವಂತ ಗ್ರಾಹಕನೂ ಕುರುಡನಾಗುತ್ತಾನೆ. ಭೌಗೋಳಿಕ ಸೂಚಿಯ ಮನ್ನಣೆ ಇದೆಯಲ್ಲ ಎನ್ನಬಹುದು. ಅದು ವಸ್ತುವಿನ ಕುಲಗೋತ್ರವನ್ನು ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಆ ಒಂದು ತುಣುಕಿನ ಯೋಗ್ಯತೆಯನ್ನು ಹೇಳುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ಬಿದ್ರಿ. ಬೀದರ್ 1956ರ ನವೆಂಬರ್ 1ರವರೆಗೂ ಹೈದರಾಬಾದ್ ರಾಜ್ಯದ ಭಾಗವೇ ಆಗಿತ್ತು. ಹಾಗಾಗಿ ಈ ಊರಿನ ಹಳೆಯ ಮನೆತನಗಳಲ್ಲಿ ಬಿದ್ರಿಯ ಹುಕ್ಕಾ ಬುಡ, ಪಾನದಾನಿಗಳು ಇಂದಿಗೂ ಇವೆ; ಇಲ್ಲಿನ ಜನ ಅದನ್ನು ತಮ್ಮದೆಂದೇ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಮಾಡುವ ಬಗೆಯನ್ನು ಬಲ್ಲವರು ವಿರಳ. ಹೆಚ್ಚು ಪಾಲು ಸತು, ಅದಕ್ಕೆ ಅಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯಗೊಳಿಸಿ, ಮೈಲುತುತ್ತದ ದ್ರಾವಣ ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಉಕ್ಕಿನ ಮೊನೆಯಿಂದ ಚಿತ್ತಾರ ಬಿಡಿಸುತ್ತಾರೆ. ಗೆರೆಗಳನ್ನು ಉಳಿಯಿಂದ ಕೊರೆದು, ಆ ಸಂದಿನಲ್ಲಿ ಅಪ್ಪಟ ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿದಾಗ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಯ ನೋಂದಣಿ ದೊರೆಯಿತು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

ಈಗ ಬೆಲೆಯ ಮಾತು. ಒಂದು ತಟ್ಟೆಯಲ್ಲಿ ಬೆಳ್ಳಿಯನ್ನು ಎಷ್ಟು ತೆಳುವಾಗಿ ಬಡಿದಿದ್ದಾರೆಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಬೆಳ್ಳಿ ದರವೋ 2025ರಲ್ಲಿ ಕಿಲೋವೊಂದಕ್ಕೆ ಲಕ್ಷ ರೂಪಾಯಿಯನ್ನು ದಾಟಿತು. ಹಳೆಯ ಬೆಲೆಗೇ ಬೇಕೆಂದು ನಾವು ಹಟ ಹಿಡಿದರೆ ಕುಶಲಕರ್ಮಿಗೆ ಉಳಿಯುವ ದಾರಿಗಳು ಎರಡೇ: ಬೆಳ್ಳಿಯನ್ನು ಕಡಿಮೆ ಮಾಡುವುದು, ಇಲ್ಲವೇ ತನ್ನ ಕೂಲಿಯನ್ನು ಕಡಿಮೆ ಮಾಡಿಕೊಳ್ಳುವುದು. ಇನ್ನು ಕಪ್ಪು ಬಣ್ಣ ಬಳಿದು ಬಿಳಿ ಗೆರೆ ಎಳೆದ ‘ಬಿದ್ರಿ’ಯನ್ನೂ ನಾನು ಈ ನಗರದ ಒಂದು ಅಂಗಡಿಯಲ್ಲಿ ಕಂಡಿದ್ದೇನೆ. ಬೆಲೆ ಮಾತ್ರ ಅಸಲಿಗೆ ಸಮೀಪದ್ದೇ! ಗ್ರಾಹಕನ ಅಜ್ಞಾನಕ್ಕೆ ವಿಧಿಸಿದ ತೆರಿಗೆ ಅದು.

ಇದನ್ನೆಲ್ಲ ಹೇಳಲು ಕಾರಣವಿದೆ. ಹೊರನಾಡಿನ ನಮ್ಮ ಸಂಘಗಳು ಪ್ರತಿ ರಾಜ್ಯೋತ್ಸವಕ್ಕೂ ಅತಿಥಿಗಳಿಗೆ ಸ್ಮರಣಿಕೆ ಕೊಡುತ್ತವೆ. ಅಕ್ಟೋಬರ್ ಕೊನೆಯ ವಾರದಲ್ಲಿ ಯಾರೋ ಒಬ್ಬರು ಪೇಟೆಗೆ ಹೋಗಿ ಗಾಜಿನದೋ ಪ್ಲಾಸ್ಟಿಕ್ಕಿನದೋ ಫಲಕಗಳನ್ನು ಸಗಟು ದರದಲ್ಲಿ ತರುತ್ತಾರೆ. ಸದಸ್ಯರ ವಂತಿಗೆಯನ್ನು ಉಳಿಸಿದೆವೆಂದು ವಾರ್ಷಿಕ ಸಭೆಯಲ್ಲಿ ಹೆಮ್ಮೆಯಿಂದ ವರದಿ ಓದುತ್ತೇವೆ. ಇದೂ ನಮ್ಮದೇ ಎಲ್-ಒನ್. ಅತಿಥಿಯ ಮನೆಯ ಅಟ್ಟ ಸೇರಲೆಂದೇ ಹುಟ್ಟಿದ ಆ ಫಲಕ ನನ್ನ ದೃಷ್ಟಿಯಲ್ಲಿ ಎಷ್ಟು ಅಗ್ಗವಾದರೂ ದುಬಾರಿಯೇ. ಅದೇ ವೇಳೆ ನಲವತ್ತು ಜನರಿಗೂ ಬಿದ್ರಿ ಕೊಡೋಣ ಎಂಬ ಉತ್ಸಾಹಿಗಳ ಸಲಹೆಯನ್ನೂ ನಾನು ಒಪ್ಪಲಾರೆ. ಸಂಘದ ಖಜಾನೆ ಅದನ್ನು ತಾಳದು. ತಾಳಲೆಂದು ಬೆಲೆ ಇಳಿಸಿದರೆ ಮೇಲೆ ಹೇಳಿದ ತೆಳುಬೆಳ್ಳಿಯೇ ಗತಿ. ನಾಲ್ವರಿಗೆ ನಿಜವಾದ ಬಿದ್ರಿ, ಉಳಿದವರಿಗೆ ಒಂದೊಂದು ಒಳ್ಳೆಯ ಕನ್ನಡ ಪುಸ್ತಕ ಸಾಕು. ಪುಸ್ತಕವನ್ನು ಓದದವರಾದರೂ ಇನ್ನೊಬ್ಬರಿಗೆ ದಾಟಿಸುತ್ತಾರೆ. ಅತಿಥಿಯ ಹೆಸರು ಕೆತ್ತಿದ ಫಲಕವನ್ನು ಯಾರಿಗೆ ದಾಟಿಸುವುದು?

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರಿಸಲೇಬೇಕು. ಹೆಚ್ಚು ಕೊಟ್ಟು ಒಳ್ಳೆಯದನ್ನು ಕೊಳ್ಳಿರೆಂಬುದು ಉಳ್ಳವರ ಉಪದೇಶ ಎನ್ನುತ್ತಾರೆ ಗೆಳೆಯರೊಬ್ಬರು. ನಿಜ. ತಿಂಗಳ ಕೊನೆಗೆ ಮಗುವಿನ ಶಾಲೆಯ ಪಾದರಕ್ಷೆ ಕಿತ್ತುಹೋದವನು ಬಾಳಿಕೆಯ ಲೆಕ್ಕ ಹಾಕುತ್ತ ಕೂರಲಾರ. ಕೈಯಲ್ಲಿದ್ದಷ್ಟಕ್ಕೆ ಸಿಕ್ಕಿದ್ದನ್ನು ಕೊಂಡು, ವರ್ಷದಲ್ಲಿ ಮೂರು ಬಾರಿ ಕೊಂಡು, ನಮಗಿಂತ ಹೆಚ್ಚು ತೆರುತ್ತಾನೆ. ಅವನಿಗೆ ಬುದ್ಧಿ ಹೇಳುವುದು ಅಧಿಕಪ್ರಸಂಗ. ನಾನು ಮಾತಾಡುತ್ತಿರುವುದು ಆಯ್ಕೆಯ ಸ್ವಾತಂತ್ರ್ಯವಿದ್ದೂ ಅದನ್ನು ವಿದೇಶಿ ಹೆಸರಿನ ಬೂಟಿಗೆ ಬಳಸಿ, ಬೀದರಿನವನ ಮುಂದೆ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುವ ನಮ್ಮ ವರ್ಗದ ಬಗೆಗೆ.

ಬೀದರ್ ನಮ್ಮಿಂದ ಮೂರು ಗಂಟೆಯ ಹಾದಿ. ಕಾರ್ಯಕಾರಿ ಸಮಿತಿಯವರು ಜುಲೈ ತಿಂಗಳಲ್ಲೇ ಒಂದು ಭಾನುವಾರ ಹೋಗಿ, ಮಾಡುವ ಕೈಗೇ ಬೇಡಿಕೆ ಕೊಡಲಿ. ಅಕ್ಟೋಬರಿನಲ್ಲಿ ಹೋದರೆ ಅವಸರದ ಕೆಲಸವೇ ಸಿಗುತ್ತದೆ. ಎಷ್ಟು ಗ್ರಾಂ ಬೆಳ್ಳಿ, ತಂತಿಯ ಕೆಲಸವೋ ತಗಡಿನದೋ, ಮಾಡಿದವರ ಹೆಸರೇನು ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಲಿ. ಮುಂಗಡವನ್ನು ಅಲ್ಲೇ ಕೊಟ್ಟು ಬರಲಿ.