ಬೆಳ್ಳಗಿರುವುದೆಲ್ಲ ಹಾಲಲ್ಲ, ಮನಸ್ಸು ಹೇಳಿದ್ದೆಲ್ಲ ಲೆಕ್ಕವಲ್ಲ



ದಿನಕ್ಕೆರಡು ಸಲ ಕ್ಯಾನು ಹಿಡಿದು ಡೈರಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಹಾಲನ್ನು ಯಾರೂ ಬರೀ ಕಣ್ಣಲ್ಲಿ ನೋಡಿ ನಂಬುವುದಿಲ್ಲ. "ನಮ್ಮ ಹಸುವಿನ ಹಾಲು ಗಟ್ಟಿ ಕಣಮ್ಮ" ಎಂದು ಎಷ್ಟು ಸಲ ಹೇಳಿದರೂ, ಕಾರ್ಯದರ್ಶಿ ಸ್ಯಾಂಪಲ್ ತೆಗೆದು ಟೆಸ್ಟ್ ಮಾಡಿಯೇ ಜಿಡ್ಡು, ಎಸ್‌ಎನ್‌ಎಫ್ ಬರೆಯುತ್ತಾರೆ. ಅದರಲ್ಲಿ ನಮಗೂ ಬೇಸರವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಮನೆಗೆ ಬಂದ ಮೇಲೆ ನೋಡಿ. ಯಾವ ಹಸು ಕೊಳ್ಳಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಲಸಿಕೆ ಹಾಕಿಸಬೇಕೋ ಬೇಡವೋ ಎನ್ನುವುದನ್ನೆಲ್ಲ ಮನಸ್ಸಿಗೆ ತೋಚಿದಂತೆ ತೀರ್ಮಾನ ಮಾಡುತ್ತೇವೆ. ಲೀಟರ್ ಹಾಲಿಗೆ ಇರುವ ಟೆಸ್ಟು ಸಾವಿರಾರು ರೂಪಾಯಿಯ ತೀರ್ಮಾನಕ್ಕೆ ಇಲ್ಲ. ಮನಸ್ಸಿನ ಲೆಕ್ಕಕ್ಕೂ ಒಂದು ಟೆಸ್ಟ್ ಬೇಕು ಎನ್ನುವುದೇ ನನ್ನ ಮಾತು. ಹನ್ನೊಂದು ತಿಂಗಳು ಬರಡು ಹಸುವಿಗೆ ಮೇವು ಹಾಕಿ ಕಲಿತ ಪಾಠ ಇದು.

ಗೌರಿಯ ಕಥೆ

ನಮ್ಮ ಗೌರಿ ಎಚ್.ಎಫ್. ಮಿಶ್ರತಳಿ. ಎರಡನೇ ಸೂಲಿನಲ್ಲಿ ಹೊತ್ತಿಗೆ ಒಂಬತ್ತು ಲೀಟರ್ ಕೊಟ್ಟವಳು. ಆಮೇಲೆ ಗಬ್ಬ ನಿಲ್ಲಲಿಲ್ಲ. ಬೆದೆಗೆ ಬರುತ್ತಿದ್ದಳು, ಕೃತಕ ಗರ್ಭಧಾರಣೆ ಮಾಡಿಸುತ್ತಿದ್ದೆ, ಇಪ್ಪತ್ತೊಂದು ದಿನಕ್ಕೆ ಮತ್ತೆ ಕೂಗುತ್ತಿದ್ದಳು. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಹಾಲು ಬತ್ತಿತು. ನಮ್ಮ ಓರಗಿತ್ತಿ ಒಂದು ದಿನ "ಡಾಕ್ಟರನ್ನ ಕರೆಸಿ ಸರಿಯಾಗಿ ತೋರಿಸು, ಇಲ್ಲ ಅಂದ್ರೆ ಬಿಟ್ಟುಬಿಡು" ಎಂದಳು. ನನಗೆ ಸಿಟ್ಟು ಬಂತು. "ಇಷ್ಟು ಸುರಿದಿದೀನಿ, ಈಗ ಬಿಟ್ಟರೆ ಎಲ್ಲ ನೀರಲ್ಲಿ ಹೋಮ ಆಗುತ್ತೆ" ಎಂದೆ.

ಆ ಬೇಸಿಗೆಯಲ್ಲಿ ಹುಲ್ಲು ಕೊಳ್ಳಲು ಕಿವಿಯ ಓಲೆ ಅಡವಿಟ್ಟೆ. ಆರನೇ ಸಲವೂ ತಿರುಗಿದ ಮೇಲೆ ಪಶುವೈದ್ಯರು ಬಂದು ಪರೀಕ್ಷೆ ಮಾಡಿ, ಗರ್ಭಕೋಶದ ಸೋಂಕು ಹಳೆಯದಾಗಿದೆ ಎಂದರು. "ಮೂರನೇ ಸಲಕ್ಕೇ ಕರೆದಿದ್ದರೆ ಚಿಕಿತ್ಸೆ ಸುಲಭ ಇತ್ತಮ್ಮ" ಎಂದರು. ಔಷಧಿ ಮಾಡಿಸಿದೆ, ಫಲ ಸಿಗಲಿಲ್ಲ. ಕೊನೆಗೆ ಗೌರಿ ನಾನು ಹೇಳಿದ ಬೆಲೆಗಲ್ಲ, ಕೊಳ್ಳುವವನು ಹೇಳಿದ ಬೆಲೆಗೆ ಹೋದಳು.

ಆಮೇಲೆ ಮಗಳು ಕೂತು ಲೆಕ್ಕ ಹಾಕಿದಳು. ಹಾಲಿಲ್ಲದ ಹನ್ನೊಂದು ತಿಂಗಳು, ಅಂದರೆ 330 ದಿನ. ಹಿಂಡಿ, ಹುಲ್ಲು ಸೇರಿ ದಿನಕ್ಕೆ 100 ರೂಪಾಯಿ ಎಂದರೂ 33,000 ರೂಪಾಯಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಹಾಗಾಯಿತು ನನ್ನ ಬಾಳು.

ಹಸುವನ್ನು ಉಳಿಸಿಕೊಂಡದ್ದು ನನ್ನ ತಪ್ಪಲ್ಲ, ಕೇಳಿಕೊಂಡ ಪ್ರಶ್ನೆ ತಪ್ಪು. "ಇದುವರೆಗೆ ಎಷ್ಟು ಹಾಕಿದ್ದೇನೆ?" ಎಂದು ಕೇಳಿಕೊಳ್ಳುತ್ತಿದ್ದೆ. ಹಾಕಿದ ದುಡ್ಡು ಹಸು ಇದ್ದರೂ ಬರುವುದಿಲ್ಲ, ಹೋದರೂ ಬರುವುದಿಲ್ಲ. ಕೇಳಬೇಕಾದದ್ದು "ಇವತ್ತಿನಿಂದ ಮುಂದಕ್ಕೆ ಎಷ್ಟು ಹೋಗುತ್ತದೆ, ಎಷ್ಟು ಬರುತ್ತದೆ?" ಎಂದು. ಇನ್ನೂ ಸುಲಭದ ಪ್ರಶ್ನೆ ಒಂದಿದೆ: "ಇದೇ ಹಸುವನ್ನು, ಇದೇ ಸ್ಥಿತಿಯಲ್ಲಿ, ಇವತ್ತು ಸಂತೆಯಲ್ಲಿ ಕಂಡಿದ್ದರೆ ಕೊಳ್ಳುತ್ತಿದ್ದೆನಾ?" ಹೆತ್ತವರಿಗೆ ಹೆಗ್ಗಣ ಮುದ್ದು. ನಮ್ಮ ಕೊಟ್ಟಿಗೆಯ ಹಸುವಿಗೆ ನಾವು ಕಟ್ಟುವ ಬೆಲೆಯೂ ಹಾಗೆಯೇ.

ಹಸುವಿನ ಮೇಲೆ ಪ್ರೀತಿ ಇಡಬೇಡಿ ಎಂದು ನಾನು ಹೇಳುವುದಿಲ್ಲ. ಅವು ನಮ್ಮ ಮನೆ ಮಕ್ಕಳಂತೆ. ಪ್ರೀತಿಗಾಗಿ ಸಾಕುತ್ತಿದ್ದರೆ ಪ್ರೀತಿಯ ಖರ್ಚು ಎಂದು ಬರೆದಿಡಿ. ಆದಾಯ ಬರುತ್ತದೆ ಎಂದು ಮಾತ್ರ ಮನಸ್ಸಿಗೆ ಸುಳ್ಳು ಹೇಳಬೇಡಿ.

ನಷ್ಟ ದೊಡ್ಡದು, ಲಾಭ ಚಿಕ್ಕದು

ಮನಸ್ಸು ಹೀಗೆ ತಪ್ಪು ತೂಗುವುದನ್ನು ಜೀವನವಿಡೀ ಅಭ್ಯಾಸ ಮಾಡಿದವರು ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು. 1979ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ ಅರ್ಥಶಾಸ್ತ್ರವನ್ನೇ ಬದಲಾಯಿಸಿತು. ಕಾನಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಟ್ವೆರ್ಸ್ಕಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಅವರು ತೋರಿಸಿದ್ದು ನಮ್ಮ ನಿಮ್ಮ ಮನೆಯ ವಿಷಯವನ್ನೇ. ಒಂದು ನಾಣ್ಯ ಚಿಮ್ಮುತ್ತೇನೆ, ಸೋತರೆ ನೀವು 100 ರೂಪಾಯಿ ಕೊಡಬೇಕು, ಗೆದ್ದರೆ ಎಷ್ಟು ಕೊಟ್ಟರೆ ಆಡುತ್ತೀರಿ? 110 ಕೊಡುತ್ತೇನೆ ಎಂದರೆ ಹೆಚ್ಚಿನವರು ಒಪ್ಪುವುದಿಲ್ಲ, ಸುಮಾರು 200 ಬೇಕು ಎನ್ನುತ್ತಾರೆ. ಅಂದರೆ ಕಳೆದುಕೊಂಡ ಒಂದು ರೂಪಾಯಿಯ ನೋವು, ಸಿಕ್ಕ ಒಂದು ರೂಪಾಯಿಯ ಸಂತೋಷಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಈಗ ಕಾಲುಬಾಯಿ ಜ್ವರದ ಲಸಿಕೆಯ ದಿನ ನೆನಪಿಸಿಕೊಳ್ಳಿ. ಲಸಿಕೆ ಹಾಕುವವರು ಮನೆ ಬಾಗಿಲಿಗೆ ಬರುತ್ತಾರೆ, ದುಡ್ಡೂ ಕೇಳುವುದಿಲ್ಲ. ಆದರೂ ಕೆಲವರು ಹಸುವನ್ನು ಹೊಲಕ್ಕೆ ಹೊಡೆದುಕೊಂಡು ಹೋಗಿಬಿಡುತ್ತಾರೆ. ಯಾಕೆ? "ಹೋದ ಸಲ ಹಾಕಿಸಿದಾಗ ಹಾಲು ಕಡಿಮೆ ಆಯ್ತು." ನಿಜ, ಎರಡು ಮೂರು ದಿನ ಹಾಲು ಇಳಿಯಬಹುದು. ನಮ್ಮ ಮನೆಯಲ್ಲೂ ಇಳಿದಿತ್ತು. ಎರಡು ಹಸು, ಮೂರು ದಿನ, ಹೊತ್ತಿಗೆ ಅರ್ಧ ಲೀಟರ್. ಒಟ್ಟು ಆರು ಲೀಟರ್. ಇನ್ನೂರು ರೂಪಾಯಿ ಚಿಲ್ಲರೆ.

ಆ ಇನ್ನೂರು ರೂಪಾಯಿ ಕಣ್ಣಿಗೆ ಕಾಣುತ್ತದೆ, ಬಟವಾಡೆಯಲ್ಲಿ ಚುಚ್ಚುತ್ತದೆ. ಆದರೆ ಬರದೇ ಹೋದ ರೋಗ ಯಾರ ಕಣ್ಣಿಗೆ ಕಾಣುತ್ತದೆ? 2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಸಾವಿರಾರು ರಾಸುಗಳು ಸತ್ತವು. ಬಾಯಲ್ಲಿ ಹುಣ್ಣಾಗಿ ಜೊಲ್ಲು ಸುರಿಸುತ್ತಾ, ಗೊರಸು ಬಿರಿದು ನಿಲ್ಲಲಾರದೆ ನಿಂತ ಹಸುಗಳನ್ನು ಕಂಡವರು ಆ ವರ್ಷವನ್ನು ಮರೆತಿಲ್ಲ. ಬದುಕಿ ಉಳಿದ ಹಸುಗಳೂ ಮೊದಲಿನ ಹಾಲಿಗೆ ಮರಳುವುದು ಕಷ್ಟ. ಇನ್ನೂರು ರೂಪಾಯಿ ಒಂದು ತಟ್ಟೆಯಲ್ಲಿ, ಹಸುವೇ ಇನ್ನೊಂದು ತಟ್ಟೆಯಲ್ಲಿ. ಮನಸ್ಸಿನ ತಕ್ಕಡಿ ಇನ್ನೂರರ ಕಡೆಗೇ ವಾಲುತ್ತದೆ ಎಂದರೆ ಆ ತಕ್ಕಡಿಯನ್ನು ನಂಬುವುದು ಹೇಗೆ? ಆರು ತಿಂಗಳಿಗೊಮ್ಮೆ ಲಸಿಕೆ ತಪ್ಪಿಸಬೇಡಿ. ತುಂಬು ಗಬ್ಬದ ರಾಸುಗಳಿದ್ದರೆ ಅದನ್ನು ಪಶುವೈದ್ಯರಿಗೆ ಹೇಳಿ, ಅವರ ಮಾತಿನಂತೆ ನಡೆಯಿರಿ.

ಮೊದಲು ಕೇಳಿದ ಬೆಲೆ

ಹಸು ಕೊಳ್ಳುವಾಗ ಇನ್ನೊಂದು ಮೋಸ ನಡೆಯುತ್ತದೆ. ಮಾರುವವನು "ದಿನಕ್ಕೆ 22 ಲೀಟರ್, 90 ಸಾವಿರ" ಎನ್ನುತ್ತಾನೆ. ನಾವು ಚೌಕಾಸಿ ಮಾಡಿ 78ಕ್ಕೆ ಇಳಿಸಿ, ಹನ್ನೆರಡು ಸಾವಿರ ಉಳಿಸಿದೆವು ಎಂದು ಹಿಗ್ಗಿ ಬರುತ್ತೇವೆ. ಉಳಿಸಿದ್ದು ಯಾವುದರಿಂದ? ಅವನೇ ಬಾಯಿಗೆ ಬಂದಂತೆ ಹೇಳಿದ ಬೆಲೆಯಿಂದ! ಮೊದಲು ಕಿವಿಗೆ ಬಿದ್ದ ಅಂಕಿ ಮನಸ್ಸಿನಲ್ಲಿ ಗೂಟ ಹೊಡೆದಂತೆ ಕೂರುತ್ತದೆ, ಆಮೇಲೆ ನಮ್ಮ ಮಾತೆಲ್ಲ ಆ ಗೂಟದ ಸುತ್ತಲೇ ಸುತ್ತುತ್ತದೆ.

ಅದಕ್ಕೇ ಮನೆ ಬಿಡುವ ಮೊದಲೇ "ಇಷ್ಟಕ್ಕಿಂತ ಮೇಲೆ ಕೊಡುವುದಿಲ್ಲ" ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊತ್ತಿನಿಂದ ಹೊತ್ತಿಗೆ ಸತತ ಮೂರು ಸಲ ನಿಮ್ಮ ಕಣ್ಣೆದುರೇ ಕರೆಸಿ ಹಾಲನ್ನು ಅಳೆಯಿರಿ. ಒಂದು ಹೊತ್ತಿನ ಹಾಲು ಹಿಡಿದಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಹಳೇ ಕಸುಬು. ಮೂರು ಹೊತ್ತಿನ ಲೆಕ್ಕದಲ್ಲಿ ಅದು ಬಯಲಾಗುತ್ತದೆ.

ನಮ್ಮ ಬೆವರು ಯಾವ ಖಾತೆಗೆ?

ಈಗ ನನ್ನ ಮನಸ್ಸಿಗೆ ಹೆಚ್ಚು ಚುಚ್ಚಿದ ವಿಷಯಕ್ಕೆ ಬರುತ್ತೇನೆ. ಗೌರಿಯ ಲೆಕ್ಕದಲ್ಲಿ ಮಗಳು 33,000 ಬರೆದು ಪೆನ್ನು ಕೆಳಗಿಟ್ಟಾಗ ನಾನು ಕೇಳಿದೆ, "ನನ್ನ ಕೆಲಸ ಎಲ್ಲಿ?" ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಮೈ ತೊಳೆಯುವುದು, ಮುಸುರೆ ಇಡುವುದು ಸೇರಿ ಆ ಒಂದು ಹಸುವಿಗೆ ದಿನಕ್ಕೆ ಎರಡು ಗಂಟೆ. 330 ದಿನಕ್ಕೆ 660 ಗಂಟೆ. ಎಂಟು ಗಂಟೆಗೆ ಒಂದು ಆಳು ಎಂದರೆ 82 ದಿನದ ಕೂಲಿ! ಅದನ್ನು ನನ್ನ ಗಂಡ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಮಗಳು ತೆಗೆದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಹನ್ನೊಂದು ತಿಂಗಳು ನಾನೂ ತೆಗೆದುಕೊಂಡಿರಲಿಲ್ಲ.

ಕೈಯಿಂದ ನೋಟು ಹೋದರೆ ಮಾತ್ರ ಖರ್ಚು ಎಂದು ಮನಸ್ಸು ತಿಳಿಯುತ್ತದೆ. ಬೆನ್ನಿನಿಂದ ಹೋದದ್ದು ಖರ್ಚಲ್ಲ. ಈ ತಪ್ಪು ಲೆಕ್ಕದ ಭಾರ ಎಲ್ಲಕ್ಕಿಂತ ಹೆಚ್ಚು ಬೀಳುವುದು ಹೆಂಗಸರ ಮೇಲೆ. "ಹುಲ್ಲು ನಮ್ಮದೇ, ಹೆಂಗಸರು ಮನೇಲೇ ಇರ್ತಾರೆ, ಇನ್ನೊಂದು ಹಸು ಕಟ್ಟಿದರೆ ಏನು ಖರ್ಚು?" ಎನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ? ನಮ್ಮ ದುಡಿಮೆಯನ್ನು ನಾವೇ ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಹಾಗಾದರೆ ಅನುಭವಕ್ಕೆ ಬೆಲೆ ಇಲ್ಲವೇ?

ಖಂಡಿತ ಇದೆ. ಹಸು ಕೂಗುವ ದನಿಯಲ್ಲೇ ಬೆದೆ ಗುರುತಿಸುವವರು ನಾವು. ಮೆಲುಕು ಹಾಕುವುದು ನಿಧಾನವಾದರೆ ಹುಷಾರಿಲ್ಲ ಎಂದು ತಿಳಿಯುವವರು ನಾವು. ಆ ಜ್ಞಾನ ಸಣ್ಣದಲ್ಲ. ಆದರೆ ಬೆದೆ ಗುರುತಿಸುವ ಅದೇ ಮನಸ್ಸು ವರ್ಷದ ಸರಾಸರಿ ನೆನಪಿಡುವುದಿಲ್ಲ. ಹೆಚ್ಚು ಹಾಲು ಕೊಟ್ಟ ದಿನವನ್ನು ನೆನಪಿಟ್ಟುಕೊಂಡು ಬತ್ತಿದ ತಿಂಗಳುಗಳನ್ನು ಮರೆಯುತ್ತದೆ.

ಇದು ಓದಿಲ್ಲದವರ ತಪ್ಪೂ ಅಲ್ಲ. ಇಷ್ಟೆಲ್ಲ ಸಂಶೋಧನೆ ಮಾಡಿದ ಕಾನಮನ್ ಅವರೇ, ಇದನ್ನೆಲ್ಲ ತಿಳಿದ ಮೇಲೂ ತಮ್ಮ ಮನಸ್ಸು ಹಿಂದಿನಂತೆಯೇ ಎಡವುತ್ತದೆ ಎಂದು ಒಪ್ಪಿಕೊಂಡಿದ್ದಾರೆ. ತಿಳಿದುಕೊಂಡರೆ ಸಾಲದು, ಎಡವದಂತೆ ಹೊರಗಿನಿಂದ ಒಂದು ಊರುಗೋಲು ಬೇಕು. ನಾನು ಹಿಡಿದುಕೊಂಡಿರುವ ಮೂರು ಊರುಗೋಲುಗಳು ಇವು.

ಒಂದು, ಗೋಡೆಗೆ ನೇತುಹಾಕಿದ ನೋಟುಪುಸ್ತಕ. ಪ್ರತಿ ಹಸುವಿಗೆ ಒಂದು ಪುಟ. ಬೆದೆಗೆ ಬಂದ ದಿನ, ಗರ್ಭಧಾರಣೆ ಮಾಡಿಸಿದ ದಿನ, ಕರು ಹಾಕಿದ ದಿನ, ಲಸಿಕೆ ಮತ್ತು ಜಂತುಹುಳು ಔಷಧಿಯ ದಿನ, ಹಾಲು, ಹಿಂಡಿ, ನನ್ನ ಗಂಟೆ. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿ. ದಿನಕ್ಕೆ ಎರಡು ನಿಮಿಷ ಸಾಕು.

ಎರಡು, ಮೊದಲೇ ಹಾಕಿಕೊಂಡ ಗೆರೆ. ಮೂರು ಸಲ ಗರ್ಭಧಾರಣೆ ಮಾಡಿಸಿದರೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮೊದಲು ಪಶುವೈದ್ಯರ ಪರೀಕ್ಷೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುತ್ತಿದ್ದೇವೆಯೇ, ಖನಿಜ ಮಿಶ್ರಣ ಕೊಡುತ್ತಿದ್ದೇವೆಯೇ, ಒಳಗೆ ಸೋಂಕಿದೆಯೇ ಎಂದು ಆಗಲೇ ತಿಳಿಯಬೇಕು. ಮನಸ್ಸು ತಣ್ಣಗಿದ್ದಾಗ ಹಾಕಿದ ಗೆರೆಯನ್ನು ಮನಸ್ಸು ಬಿಸಿಯಾದಾಗ ಅಳಿಸಬಾರದು.

ಮೂರು, ಇನ್ನೊಬ್ಬಳ ಕಣ್ಣು. ನಮ್ಮ ಹಸುವಿನ ವಿಷಯದಲ್ಲಿ ನಮಗೆ ಕಾಣದ್ದು ಪಕ್ಕದ ಮನೆಯವಳಿಗೆ ಕಾಣುತ್ತದೆ. ನನ್ನ ಓರಗಿತ್ತಿಗೆ ನಾಲ್ಕನೇ ಸಲಕ್ಕೇ ಕಂಡಿತ್ತು. ದೊಡ್ಡ ತೀರ್ಮಾನಕ್ಕೆ ಮೊದಲು ಪುಸ್ತಕದ ಪುಟವನ್ನು ನಂಬಿಕೆಯ ಒಬ್ಬರಿಗೆ ತೋರಿಸಿ, ಅವರ ಮಾತಿಗೆ ಸಿಟ್ಟಾಗದೆ ಕೇಳಿ.

ಸಂಘಗಳಿಗೂ, ಒಕ್ಕೂಟಕ್ಕೂ ಒಂದು ಮಾತು. ಬಟವಾಡೆ ಚೀಟಿಯಲ್ಲಿ ಬಂದ ದುಡ್ಡು ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಹೋದದ್ದು ಎಲ್ಲೂ ಕಾಣುವುದಿಲ್ಲ. ಕಾಣದ್ದನ್ನು ಮನಸ್ಸು ಲೆಕ್ಕ ಹಾಕುವುದಿಲ್ಲ. ಆ ಚೀಟಿಯ ಹಿಂದೆ ಹಿಂಡಿ, ಮೇವು, ಔಷಧಿ, ದುಡಿದ ಗಂಟೆ ಎಂದು ನಾಲ್ಕು ಖಾಲಿ ಗೆರೆ ಅಚ್ಚು ಹಾಕಿಸಿಕೊಡಿ. ತುಂಬುವ ಕೆಲಸ ನಾವು ಮಾಡುತ್ತೇವೆ.

ನನ್ನ ಓಲೆಯನ್ನು ಹೋದ ದೀಪಾವಳಿಗೆ ಬಿಡಿಸಿಕೊಂಡೆ. ಈಗ ಕೊಟ್ಟಿಗೆಯಲ್ಲಿ ಎರಡೇ ಹಸು. ಕಳೆದ ತಿಂಗಳು ಒಂದು ಮೂರನೇ ಸಲ ತಿರುಗಿತು. ಪುಸ್ತಕ ನೋಡಿದೆ, ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಈ ಹಸು ಗಬ್ಬ ನಿಲ್ಲುತ್ತದೋ ಇಲ್ಲವೋ ನೋಡಬೇಕು. ಈ ಸಲ ಹನ್ನೊಂದು ತಿಂಗಳು ಮಾತ್ರ ಕಾಯುವುದಿಲ್ಲ.

ಇವತ್ತು ಸಂಜೆ ಹಾಲು ಹಾಕಿ ಬರುವಾಗ ಅಂಗಡಿಯಿಂದ ಒಂದು ನೋಟುಪುಸ್ತಕ ತನ್ನಿ. ಮೊದಲ ಪುಟದಲ್ಲಿ ಹಸುವಿನ ಹೆಸರು ಬರೆಯಿರಿ, ಅದರ ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.